ಬಳ್ಳಾರಿಯಲ್ಲಿ ಓದಿ ಕಪ್ಪೆಗಳ ಬೆನ್ನು ಹತ್ತಿದ ರಾಯರು

ಆದೋನಿ: ಮಳೆ ಬಿದ್ದ ರಾತ್ರಿ ಕೆರೆ ದಂಡೆಯಲ್ಲಿ ವಟಗುಟ್ಟುವ ಕಪ್ಪೆಯನ್ನು ಯಾರು ತಾನೆ ಲೆಕ್ಕಕ್ಕೆ ಇಟ್ಟುಕೊಳ್ಳುತ್ತಾರೆ? ಅದರ ಅಧ್ಯಯನಕ್ಕೇ ಬದುಕು ಸವೆಸಿದ ವಿಜ್ಞಾನಿಯೊಬ್ಬರು ಈ ಸೀಮೆಯಲ್ಲೇ ವಿದ್ಯೆ ಕಲಿತವರು ಅಂದರೆ ಅಚ್ಚರಿಯಾದೀತು. ಅವರೇ ಪ್ರಾಣಿಶಾಸ್ತ್ರಜ್ಞ ಸಿ.ಆರ್. ನಾರಾಯಣ ರಾವ್.

1882ರ ಆಗಸ್ಟ್ 15ರಂದು ಕೊಯಮತ್ತೂರಿನಲ್ಲಿ ಹುಟ್ಟಿದ ರಾಯರು ಓದಿದ್ದು ಬಳ್ಳಾರಿಯಲ್ಲಿ. ಆಗ ನಡುವೆ ಈ ಗಡಿ ಇರಲಿಲ್ಲ. ಆದೋನಿ, ಆಲೂರು, ರಾಯದುರ್ಗ ಎಲ್ಲವೂ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಗೇ ಸೇರಿದ್ದವು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರಿಗೆ, ಆದೋನಿ ಆಂಧ್ರಕ್ಕೆ ಹೋದವು. ರಾಯರ ಶಾಲೆಯ ಊರು ಇಲ್ಲಿನ ಹಿರಿಯರಿಗೂ ಒಂದು ಕಾಲದ ಜಿಲ್ಲಾ ಕೇಂದ್ರವೇ.

ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ಪ್ರೊ. ಹೆಂಡರ್ಸನ್ ಅವರ ಶಿಷ್ಯರಾಗಿ ಪ್ರಾಣಿಶಾಸ್ತ್ರದಲ್ಲಿ ಚಿನ್ನದ ಪದಕ ಪಡೆದರು. ಕೊಯಮತ್ತೂರು, ಎರ್ನಾಕುಳಂಗಳಲ್ಲಿ ಪಾಠ ಹೇಳಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ಬಂದು ಪ್ರಾಣಿಶಾಸ್ತ್ರ ವಿಭಾಗವನ್ನು ಕಟ್ಟಿ ಬೆಳೆಸಿದರು. 1932ರಲ್ಲಿ ಬೆಂಗಳೂರಿನಿಂದ ಹೊರಟ 'ಕರೆಂಟ್ ಸೈನ್ಸ್' ಪತ್ರಿಕೆಯ ಮೊದಲ ಸಂಪಾದಕರೂ ಅವರೇ. ಆ ಪತ್ರಿಕೆ ಇಂದಿಗೂ ಬರುತ್ತಿದೆ.

ಕಣ್ಣೊಂದು, ಕೆಲಸ ಬೇರೆ

ರಾಯರದು ತೌಲನಿಕ ಅಂಗರಚನೆಯ ಹಾದಿ. ಅಂದರೆ ಒಂದು ಪ್ರಾಣಿಯ ಅಂಗವನ್ನು ಇನ್ನೊಂದರ ಜೊತೆ ಹೋಲಿಸಿ ನೋಡುವುದು. ಕಣ್ಣನ್ನೇ ತಗೊಳ್ಳಿ. ಹತ್ತಿರದ್ದನ್ನು ನೋಡುವಾಗ ಮನುಷ್ಯನ ಕಣ್ಣಿನ ಮಸೂರ ಉಬ್ಬುತ್ತದೆ. ಕಪ್ಪೆಯ ಮಸೂರ ಉಬ್ಬುವುದಿಲ್ಲ, ಸಣ್ಣ ಸ್ನಾಯುವೊಂದು ಅದನ್ನು ಮುಂದಕ್ಕೆ ಎಳೆಯುತ್ತದೆ. ಮೀನಿನದ್ದಂತೂ ಗೋಲಿಯಂತೆ ದುಂಡಗೆ. ಅಷ್ಟೇ ಅಲ್ಲ, ಕಪ್ಪೆ ನುಂಗುವಾಗ ಕಣ್ಣುಗುಡ್ಡೆ ಒಳಕ್ಕೆ ಇಳಿದು ತುತ್ತನ್ನು ಗಂಟಲಿಗೆ ತಳ್ಳಲು ನೆರವಾಗುತ್ತದೆ! ಹೀಗೆ ಹೋಲಿಸಿ ನೋಡಿದಾಗಲೇ ಯಾವ ಜೀವಿ ಯಾವುದಕ್ಕೆ ನೆಂಟ ಎಂಬುದು ತಿಳಿಯುವುದು.

ಕಳೆದುಹೋದ ಮಾದರಿಗಳು

ನಿವೃತ್ತರಾದ 1937ರಲ್ಲೇ ರಾಯರು ದಕ್ಷಿಣ ಭಾರತದ ಹಲವು ಹೊಸ ಕಪ್ಪೆಗಳನ್ನು ಜಗತ್ತಿಗೆ ಪರಿಚಯಿಸಿದರು. ಕೊಟ್ಟಿಗೆಹಾರ, ಕೆಂಪುಹೊಳೆಗಳ ಹೆಸರು ಹೊತ್ತ ಕಪ್ಪೆಗಳು ಆ ಪಟ್ಟಿಯಲ್ಲಿವೆ. ಆದರೆ ಸೆಂಟ್ರಲ್ ಕಾಲೇಜಿನಲ್ಲಿ ಇಟ್ಟಿದ್ದ ಮೂಲ ಮಾದರಿಗಳು ಮುಂದೆ ಕಳೆದುಹೋದವು. ಮಾದರಿ ಇಲ್ಲದಿದ್ದರೆ ರಾಯರು ಕಂಡದ್ದು ಇದೇ ಕಪ್ಪೆಯೋ ಬೇರೆಯೋ ಎಂದು ಖಚಿತವಾಗಿ ಹೇಳುವುದು ಕಷ್ಟ. ಈಗಿನ ಸಂಶೋಧಕರು ರಾಯರ ಬರಹವನ್ನೇ ಹಿಡಿದು ಅದೇ ಹಳ್ಳ, ಅದೇ ಕಾಡಿಗೆ ಮತ್ತೆ ಹೋಗಬೇಕಾಯಿತು. ಕಾಲು ಬೀಸಿ ಕುಣಿಯುವ ಕೊಟ್ಟಿಗೆಹಾರದ ಕಪ್ಪೆ ಈಗ ಅಳಿವಿನ ಅಂಚಿನಲ್ಲಿದೆ.

1960ರ ಜನವರಿ 2ರಂದು ರಾಯರು ತೀರಿಕೊಂಡರು. ಅರ್ಧ ಶತಮಾನದ ಬಳಿಕ, 2010ರಲ್ಲಿ, ಮರಗಪ್ಪೆಗಳ ಒಂದು ಕುಲಕ್ಕೆ ವಿಜ್ಞಾನಿಗಳು 'ರಾವೋರ್ಕೆಸ್ಟಿಸ್' ಎಂದು ಅವರ ಹೆಸರಿಟ್ಟರು. ಸೀಸೆಯಲ್ಲಿದ್ದ ಮಾದರಿ ಉಳಿಯಲಿಲ್ಲ. ಬಳ್ಳಾರಿಯಲ್ಲಿ ಓದಿದ ಹುಡುಗನ ಹೆಸರು ಮಾತ್ರ ಪಶ್ಚಿಮ ಘಟ್ಟದ ಮರಮರದಲ್ಲೂ ಉಳಿದಿದೆ.