ಮಾಟುಂಗಾದ ಅನ್ನದ ಮನೆ: ಎ. ರಾಮ ನಾಯಕರ ಬದುಕು

ಊರಿನಿಂದ ನೆಂಟರು ಬಂದಾಗ ನಮಗೆಲ್ಲ ಎದುರಾಗುವ ಪ್ರಶ್ನೆ ಒಂದೇ: ಮುಂಬಯಿಯಲ್ಲಿ ಒಳ್ಳೆಯ ಊಟ ಎಲ್ಲಿ ಸಿಗುತ್ತದೆ? ಗೇಟ್‌ವೇ ತೋರಿಸಿ, ಮಹಾಲಕ್ಷ್ಮಿ ದರ್ಶನ ಮಾಡಿಸಿ, ಕೊನೆಗೆ ನಾವು ಕರೆದುಕೊಂಡು ಹೋಗುವುದು ಮಾಟುಂಗಾಕ್ಕೆ. ಅಲ್ಲಿ ಏನು ತಿನ್ನಬೇಕೆಂದು ನಮಗೆಲ್ಲ ಬಾಯಿಪಾಠ. ಆದರೆ ಆ ಎಲೆ ಹಾಕಿದವರು ಯಾರೆಂದು ಕೇಳಿದರೆ ನಮ್ಮಲ್ಲಿ ಅನೇಕರು ತಡವರಿಸುತ್ತೇವೆ. ಅದಕ್ಕೇ ಈ ಸಲದ ಸಂಚಿಕೆಗೆ ಹೋಟೆಲುಗಳ ಪಟ್ಟಿ ಬರೆಯುವ ಬದಲು ಒಬ್ಬರ ಬದುಕನ್ನು ಬರೆಯೋಣ ಎನ್ನಿಸಿತು. ಏನು ಆರ್ಡರ್ ಮಾಡಬೇಕು ಎಂಬುದೂ ಅದರಲ್ಲೇ ಬರುತ್ತದೆ.

ಎ. ರಾಮ ನಾಯಕರು ಉಡುಪಿ ಸೀಮೆಯ ಹಳ್ಳಿಯವರು. ಬಡತನದ ಮನೆ, ಅಲ್ಪಸ್ವಲ್ಪ ಓದು. ಆ ಕಾಲದ ಕರಾವಳಿಯ ಎಷ್ಟೋ ಹುಡುಗರಂತೆ ಅವರೂ ಚಿಕ್ಕ ವಯಸ್ಸಿನಲ್ಲೇ ಹೊಟ್ಟೆಪಾಡಿಗಾಗಿ ಊರು ಬಿಟ್ಟರು. ಇಂದು ಮತ್ಸ್ಯಗಂಧಾ ರೈಲಿನಲ್ಲಿ ರಾತ್ರಿ ಮಲಗಿ ಬೆಳಗಾಗುವಷ್ಟರಲ್ಲಿ ಊರು ಸೇರುವ ನಮಗೆ ಆ ದೂರ ಊಹೆಗೆ ನಿಲುಕುವುದಿಲ್ಲ. ಕೊಂಕಣ ರೈಲು ಪೂರ್ತಿಯಾಗಿ ತೆರೆದದ್ದೇ 1998ರಲ್ಲಿ. ಅದಕ್ಕೂ ಎಷ್ಟೋ ದಶಕ ಮೊದಲು ಬೊಂಬಾಯಿಗೆ ಹೊರಟ ಹುಡುಗ ಮತ್ತೆ ಊರಿನ ಮುಖ ನೋಡಲು ವರ್ಷಗಳೇ ಬೇಕಾಗುತ್ತಿದ್ದವು.

ಹೋಟೆಲಿನಲ್ಲಿ ಅವರಿಗೆ ಸಿಕ್ಕ ಮೊದಲ ಕೆಲಸ ಪಾತ್ರೆ ತೊಳೆಯುವುದು. ಬಚ್ಚಲಿನಿಂದ ಒಲೆಯ ಬಳಿಗೆ, ಒಲೆಯಿಂದ ಗಲ್ಲಾದ ಬಳಿಗೆ: ಹೋಟೆಲಿನ ಈ ಹತ್ತಡಿ ದೂರ ದಾಟಲು ಅನೇಕರಿಗೆ ಒಂದು ಜನ್ಮವೇ ಸಾಲಲಿಲ್ಲ. ರಾಮ ನಾಯಕರು ದಾಟಿದರು. ಅಡಿಗೆ ಕಲಿತರು. ಮಾಟುಂಗಾದ ಬೀದಿಯಲ್ಲಿ ಇಡ್ಲಿ, ದೋಸೆ ಮಾರಿದರು. ಆಗ ಮಿಕ್ಸಿಯೂ ಇಲ್ಲ, ಗ್ರೈಂಡರೂ ಇಲ್ಲ. ಬೀದಿಯಲ್ಲಿ ಬೆಳಿಗ್ಗೆ ಇಡ್ಲಿ ಮಾರಬೇಕಾದರೆ ಹಿಂದಿನ ಸಂಜೆ ಒರಳುಕಲ್ಲಿನ ಮುಂದೆ ಕೂತು ರುಬ್ಬಬೇಕು, ನಸುಕಿನಲ್ಲಿ ಎದ್ದು ಬೇಯಿಸಬೇಕು. ಆ ತೋಳುನೋವು ಎಂಥದ್ದೆಂದು ನಮ್ಮ ಅಜ್ಜಿಯಂದಿರನ್ನು ಕೇಳಿದರೆ ಹೇಳುತ್ತಾರೆ.

ಅವರು ನೆಲೆನಿಂತ ಜಾಗವೂ ಆಗ ಹೊಸದು. 1896ರ ಪ್ಲೇಗಿನ ನಂತರ, ಕಿಕ್ಕಿರಿದ ನಗರವನ್ನು ಹರಡಬೇಕೆಂದು 1898ರಲ್ಲಿ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ ಹುಟ್ಟಿತು. ದಾದರ್, ಮಾಟುಂಗಾಗಳು ಅದರ ಯೋಜನೆಯಲ್ಲಿ ಬೆಳೆದ ಬಡಾವಣೆಗಳು. ರೈಲ್ವೆಯಲ್ಲೂ ಕೋಟೆಯ ಕಚೇರಿಗಳಲ್ಲೂ ಗುಮಾಸ್ತರಾಗಿ, ಟೈಪಿಸ್ಟರಾಗಿ ಬಂದ ದಕ್ಷಿಣದವರು ಇಲ್ಲಿ ಬಾಡಿಗೆಗೆ ಕೂತರು. ಕನ್ನಡಿಗರ ಮೈಸೂರು ಅಸೋಸಿಯೇಷನ್ ಕೂಡ ಇದೇ ಮಾಟುಂಗಾದಲ್ಲಿ ಬೇರೂರಿತು. ಅವರಿಗೆಲ್ಲ ಬೇಕಾಗಿದ್ದದ್ದು ಬೆಳಿಗ್ಗೆ ಬಿಸಿ ಕಾಫಿ, ಎರಡು ಇಡ್ಲಿ. 1936ರಲ್ಲಿ ರಾಮ ನಾಯಕರು ಕಿಂಗ್ಸ್ ಸರ್ಕಲಿನ ಬಳಿ ಕೆಫೆ ಮೈಸೂರ್ ಆರಂಭಿಸಿದರು. ಉಡುಪಿಯವರ ಕೈಯಡಿಗೆ, ಮೈಸೂರಿನ ಹೆಸರು, ಬೊಂಬಾಯಿಯ ಗಿರಾಕಿ! ಏಕೀಕರಣಕ್ಕೆ 20 ವರ್ಷ ಮೊದಲೇ ಇಲ್ಲೊಂದು ಪುಟ್ಟ ಕರ್ನಾಟಕ ಒಂದಾಗಿತ್ತು ಎನ್ನಬಹುದು.

ಆದರೆ ತಿಂಡಿ ಬೇರೆ, ಊಟ ಬೇರೆ. ತಿಂಡಿ ಹಸಿವನ್ನು ಮುಂದೂಡುತ್ತದೆ, ಊಟ ತಣಿಸುತ್ತದೆ. ಅಂದು ಬೊಂಬಾಯಿಗೆ ಬಂದವರಲ್ಲಿ ಒಂಟಿ ಗಂಡಸರು ಬಹಳ. ಒಂದು ಖೋಲಿಯಲ್ಲಿ ಏಳೆಂಟು ಜನ, ಅಡಿಗೆಮನೆ ಇಲ್ಲ, ಹೆಂಡತಿ ಮಕ್ಕಳು ಊರಲ್ಲಿ. ಇಂಥವರಿಗಾಗಿ 1942ರಲ್ಲಿ, ಮಾಟುಂಗಾ ಸೆಂಟ್ರಲ್ ಸ್ಟೇಷನ್ನಿನ ಪೂರ್ವ ದಿಕ್ಕಿನಲ್ಲಿ, ರಾಮ ನಾಯಕರು ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದರು.

ಆ ವರ್ಷ ಎಂಥದ್ದು ನೆನಪಿಸಿಕೊಳ್ಳಿ. ಮಾರ್ಚಿನಲ್ಲಿ ರಂಗೂನ್ ಜಪಾನೀಯರ ವಶವಾಯಿತು, ಬರ್ಮಾದಿಂದ ಬರುತ್ತಿದ್ದ ಅಕ್ಕಿ ನಿಂತಿತು. ಆಗಸ್ಟಿನಲ್ಲಿ ಇದೇ ನಗರದ ಗೋವಾಲಿಯಾ ಟ್ಯಾಂಕ್ ಮೈದಾನದಿಂದ ಕ್ವಿಟ್ ಇಂಡಿಯಾ ಚಳವಳಿ ಹೊರಟಿತು. ಮರುವರ್ಷ, 1943ರ ಮೇ ತಿಂಗಳಲ್ಲಿ, ಬೊಂಬಾಯಿಯಲ್ಲಿ ಧಾನ್ಯಕ್ಕೆ ರೇಷನ್ ಬಂತು. ಅಕ್ಕಿಯನ್ನು ಅಳೆದು ಕೊಡುತ್ತಿದ್ದ ದಿನಗಳಲ್ಲಿ ಅನ್ನದ ಅಂಗಡಿ ಹಾಕಿ ಅದನ್ನು ಉಳಿಸಿಕೊಳ್ಳುವುದು ಸಣ್ಣ ಎದೆಗಾರಿಕೆಯಲ್ಲ. ಲಾಭದ ಲೆಕ್ಕ ಮಾತ್ರ ಹಾಕುವವರು ಕಾಯುತ್ತಿದ್ದರು. ಹಸಿವನ್ನು ಕಂಡವರಿಗೆ ಕಾಯುವುದು ಕಷ್ಟ.

ನಾನು ಕೆಲಸಕ್ಕೆಂದು ಈ ನಗರಕ್ಕೆ ಬಂದ ಮೊದಲ ವರ್ಷ ಪಿಜಿಯಲ್ಲಿದ್ದೆ. ಅಲ್ಲಿ ಒಲೆ ಹಚ್ಚುವಂತಿರಲಿಲ್ಲ. ಭಾನುವಾರ ಲೋಕಲ್ ಹಿಡಿದು ಮಾಟುಂಗಾಕ್ಕೆ ಬಂದು ಈ ಬೋರ್ಡಿಂಗಿನಲ್ಲಿ ಸಾರು ಅನ್ನ ಕಲಸಿಕೊಂಡಾಗ ಗಂಟಲು ಕಟ್ಟಿದ್ದು ನೆನಪಿದೆ. ಬೋರ್ಡಿಂಗ್ ಎಂಬ ಪದದ ಅರ್ಥ ನನಗೆ ತಿಳಿದದ್ದು ಅಂದು: ಅಡಿಗೆಮನೆ ಇಲ್ಲದವರ ಅಡಿಗೆಮನೆ.

ಗೆಳತಿಯರೇ, ಇನ್ನೊಂದು ಮಾತು. ಆ ಹೋಟೆಲುಗಳ ಒಳಗೆ ಸೌಟು ಹಿಡಿದವರು ಗಂಡಸರು, ಹೊರಗೆ ಉಣ್ಣುತ್ತಿದ್ದವರೂ ಹೆಚ್ಚಾಗಿ ಗಂಡಸರು. ಆದರೆ ಹುಳಿಗೆ ಎಷ್ಟು ಕೊತ್ತಂಬರಿ ಹುರಿಯಬೇಕು, ಸಾರಿಗೆ ಯಾವಾಗ ಇಂಗು ಬೀಳಬೇಕು ಎಂಬ ತಿಳಿವಳಿಕೆಯಲ್ಲಿ ಮಠದ ಅಡಿಗೆಯವರ ಪಾಲಿದ್ದಷ್ಟೇ ಊರಿನ ತಾಯಂದಿರ ಪಾಲೂ ಇತ್ತು. ಇಡ್ಲಿ ಹೌಸಿನಲ್ಲಿ ಹಲಸಿನ ಎಲೆಯ ಕೊಟ್ಟೆ ಸಿಗುತ್ತದಲ್ಲ, ಅದು ನಮ್ಮ ಕರಾವಳಿಯ ಮನೆಗಳಲ್ಲಿ ಹಬ್ಬದ ನಸುಕಿನಲ್ಲಿ ಹೆಂಗಸರು ಕಡ್ಡಿ ಚುಚ್ಚಿ ಕಟ್ಟುತ್ತಿದ್ದ ಕೊಟ್ಟೆಯೇ. ಅವರ ಹೆಸರಿನ ಬೋರ್ಡು ಎಲ್ಲೂ ಇಲ್ಲ. ತಿನ್ನುವಾಗ ನೆನೆದರೂ ಸಾಕು.

1966ರಲ್ಲಿ ಶಿವಸೇನೆ ಹುಟ್ಟಿದ ಮೇಲೆ ದಕ್ಷಿಣದವರ ವಿರುದ್ಧ ಕೂಗೆದ್ದು ಉಡುಪಿ ಹೋಟೆಲುಗಳಿಗೆ ಕಲ್ಲು ಬಿದ್ದ ದಿನಗಳೂ ಬಂದವು. ಆಮೇಲೆ ಮತ್ತೊಂದು ಒತ್ತಡ. ಹೆಸರು ಉಡುಪಿ ಎಂದಿದ್ದರೂ ಮೆನುವಿನಲ್ಲಿ ಪಾವ್ ಭಾಜಿ, ಪನೀರ್ ಮಖನಿ, ಶೆಜ್ವಾನ್ ದೋಸೆ. ಗಿರಾಕಿ ಕೇಳಿದ್ದನ್ನು ಕೊಡುವುದು ತಪ್ಪಲ್ಲ, ಬಾಡಿಗೆ ಕಟ್ಟಬೇಕಲ್ಲ! ಆದರೂ ರಾಮ ನಾಯಕರು ಹಾಕಿಕೊಟ್ಟ ಎರಡೂ ಮನೆಗಳು ಇಂದಿಗೂ ಮಾಟುಂಗಾದಲ್ಲಿವೆ, ಅವರ ಕುಟುಂಬದವರೇ ನಡೆಸುತ್ತಿದ್ದಾರೆ. ಯುಡಿಸಿಟಿಯಲ್ಲಿ ಓದುತ್ತಿದ್ದ ಮುಕೇಶ್ ಅಂಬಾನಿ ಕೆಫೆ ಮೈಸೂರಿನ ಗಿರಾಕಿಯಾಗಿದ್ದದ್ದು ಎಲ್ಲರಿಗೂ ಗೊತ್ತಿರುವ ಸಂಗತಿ. ಆದರೆ ಆ ಮನೆಯ ಹೆಮ್ಮೆ ಅದಲ್ಲ. ಹೆಸರೇ ಇಲ್ಲದ ಸಾವಿರಾರು ಗುಮಾಸ್ತರು ಅಲ್ಲಿ ಹೊಟ್ಟೆ ತುಂಬಿಸಿಕೊಂಡು ಎದ್ದರು ಎಂಬುದು ಹೆಮ್ಮೆ.

ಈಗ ಎಲೆಯ ಮುಂದೆ ಕೂರೋಣ. ಬೋರ್ಡಿಂಗ್ ಇರುವುದು ಮಾರ್ಕೆಟ್ ಕಟ್ಟಡದ ಮೊದಲ ಮಹಡಿಯಲ್ಲಿ. ಸೋಮವಾರ ರಜೆ. ಭಾನುವಾರ ಹೋಗುವುದಾದರೆ ಬೇಗ ಹೋಗಿ, ಇಲ್ಲದಿದ್ದರೆ ಸರದಿಯಲ್ಲಿ ಕಾಯಬೇಕು. ಹಸಿದಿದ್ದರೆ ಅನ್‌ಲಿಮಿಟೆಡ್ ಊಟ, ಮಕ್ಕಳಿಗೂ ಹಿರಿಯರಿಗೂ ಲಿಮಿಟೆಡ್ ಸಾಕು. ಚಪಾತಿ ಪಲ್ಯದಲ್ಲೇ ಹೊಟ್ಟೆ ತುಂಬಿಸಿಕೊಳ್ಳಬೇಡಿ. ಅನ್ನಕ್ಕೆ ಮೊದಲು ಸಾರು, ಆಮೇಲೆ ಹುಳಿ, ಕೊನೆಗೆ ಮೊಸರು. ಪಕ್ಕದಲ್ಲಿ ಅಪರಿಚಿತರು ಕೂತರೆ ಮುಖ ಸಿಂಡರಿಸಬೇಡಿ, ಒಂದೇ ಮೇಜಿನಲ್ಲಿ ಉಣ್ಣುವುದೇ ಇಲ್ಲಿಯ ರೂಢಿ.

ಕೆಫೆ ಮೈಸೂರಿನಲ್ಲಿ ಇಡ್ಲಿಯಿಂದ ಶುರು ಮಾಡಿ ಮೈಸೂರು ದೋಸೆಗೆ ಬನ್ನಿ, ಕೊನೆಗೆ ಫಿಲ್ಟರ್ ಕಾಫಿ. ಅವರ ಹೆಸರನ್ನೇ ಹೊತ್ತಿರುವ ರಾಮ ನಾಯಕ್ ಇಡ್ಲಿ ಹೌಸಿನಲ್ಲಿ ಕೊಟ್ಟೆ, ಕಾಂಚೀಪುರಂ ಇಡ್ಲಿ ತಪ್ಪಿಸಬೇಡಿ. ಇನ್ನೂ ಹೊಟ್ಟೆಯಲ್ಲಿ ಜಾಗವಿದ್ದರೆ ಹತ್ತಿರದಲ್ಲೇ ಇರುವ ಕೆಫೆ ಮದ್ರಾಸಿನ ರಸಂ ವಡೆ, ರಾಮಾಶ್ರಯದ ಅನಾನಸ್ ಶೀರಾ.

ಕೊನೆಯದಾಗಿ ಒಂದು ಕೋರಿಕೆ. ಅನ್‌ಲಿಮಿಟೆಡ್ ಎಂದರೆ ಎಲೆಯಲ್ಲಿ ಬಿಟ್ಟು ಏಳುವ ಸ್ವಾತಂತ್ರ್ಯವಲ್ಲ. ಪಾತ್ರೆ ತೊಳೆದು ಬದುಕು ಶುರು ಮಾಡಿದ ಹುಡುಗನಿಗೆ, ತಟ್ಟೆಗಳಲ್ಲಿ ಜನ ಎಷ್ಟು ಬಿಟ್ಟು ಏಳುತ್ತಾರೆ ಎಂಬುದು ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಅಂಥವರು ಹಾಕಿದ ಎಲೆ ಇದು. ಬೇಕಾದಷ್ಟು ಬಡಿಸಿಕೊಳ್ಳಿ, ಬಡಿಸಿಕೊಂಡಷ್ಟನ್ನು ಉಣ್ಣಿ. ಮುಂದಿನ ಸಲ ನೆಂಟರನ್ನು ಕರೆದೊಯ್ದಾಗ, ಸಾರು ಬರುವ ಮೊದಲು, ಮಕ್ಕಳಿಗೆ ರಾಮ ನಾಯಕರ ಕತೆ ಹೇಳಿ.