ಘಮ ಘಮ ಅಂದ್ರೆ ತಲೆ ಧಿಂ ಧಿಂ!

ಮದುವೆ ಮನೆಯಲ್ಲಿ ಎಲ್ಲರೂ ಮಲ್ಲಿಗೆ ದಂಡೆ ಮುಡಿದು ನಗುನಗುತ್ತಾ ಓಡಾಡುತ್ತಿರುತ್ತಾರೆ. ನೀವು ಮಾತ್ರ ಮೂಲೆಯ ಕುರ್ಚಿಯಲ್ಲಿ ಸೆರಗನ್ನು ಮೂಗಿಗೆ ಒತ್ತಿಕೊಂಡು ಕೂತಿರುತ್ತೀರಿ. ಮನೆಗೆ ಬಂದರೆ ದೇವರ ಮನೆಯ ಊದುಬತ್ತಿ, ಪಕ್ಕದ ಫ್ಲಾಟ್‌ನ ಒಣಮೆಣಸಿನಕಾಯಿ ಒಗ್ಗರಣೆ, ಯಜಮಾನರ ಬಾಡಿ ಸ್ಪ್ರೇ... ಒಂದಾದ ಮೇಲೊಂದು. ಸ್ವಲ್ಪ ಹೊತ್ತಿಗೆ ಒಂದು ಕಣ್ಣಿನ ಹಿಂದೆ ಸುತ್ತಿಗೆಯಲ್ಲಿ ಬಡಿದ ಹಾಗೆ ನೋವು ಶುರು. ಹೇಳಿಕೊಂಡರೆ, ಹೂವಿನ ವಾಸನೆಗೆ ಯಾರಿಗಾದ್ರೂ ತಲೆನೋವು ಬರುತ್ತಾ ಅಂತ ಮನೆಮಂದಿಯೆಲ್ಲ ನಗುತ್ತಾರೆ.

ಬರುತ್ತೆ, ಖಂಡಿತ ಬರುತ್ತೆ. ನಿಮ್ಮದು ನಾಟಕವೂ ಅಲ್ಲ, ಅತಿ ನಾಜೂಕೂ ಅಲ್ಲ. ಇದನ್ನು ಹೇಳೋದಕ್ಕೆ ಈ ವಾರ ಒಬ್ಬ ದೊಡ್ಡ ವಿಜ್ಞಾನಿಯ ಕಥೆ. ಹೈಸ್ಕೂಲಿನ ಜೀವಶಾಸ್ತ್ರ ಪುಸ್ತಕ ನೆನಪಿದೆಯಾ? ಪ್ರತಿ ಗಿಡಕ್ಕೂ ಪ್ರಾಣಿಗೂ ಎರಡು ಪದಗಳ ಲ್ಯಾಟಿನ್ ಹೆಸರಿಡುವ ಪದ್ಧತಿಯನ್ನು ನೆಲೆಗೊಳಿಸಿದ ಕಾರ್ಲ್ ಲಿನೇಯಸ್. ಅರೆತಲೆನೋವು ಆತನನ್ನೂ ಕಾಡಿತ್ತು. ವಾಸನೆಗಳನ್ನು ಗುಂಪು ಗುಂಪಾಗಿ ವಿಂಗಡಿಸಿದ್ದೂ ಆತನೇ. ಈ ಎರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ ನಮಗೊಂದು ದಾರಿ ಸಿಗುತ್ತದೆ.

ಚಮ್ಮಾರಿಕೆಗೆ ಹೋಗಬೇಕಿದ್ದ ಹುಡುಗ

ಲಿನೇಯಸ್ ಹುಟ್ಟಿದ್ದು 1707ರ ಮೇ 23ರಂದು, ದಕ್ಷಿಣ ಸ್ವೀಡನ್‌ನ ರೋಸ್‌ಹುಲ್ಟ್ ಎಂಬ ಪುಟ್ಟ ಹಳ್ಳಿಯಲ್ಲಿ. ಅಪ್ಪ ಪಾದ್ರಿ, ಜೊತೆಗೆ ತೋಟದ ಹುಚ್ಚು. ಮಗು ಅತ್ತಾಗ ಕೈಗೊಂದು ಹೂ ಕೊಟ್ಟರೆ ಸುಮ್ಮನಾಗುತ್ತಿತ್ತಂತೆ! ಆದರೆ ಶಾಲೆಯಲ್ಲಿ ಓದು ಅಷ್ಟಕ್ಕಷ್ಟೇ. ಬೇಸತ್ತ ಅಪ್ಪ ಮಗನನ್ನು ಚಪ್ಪಲಿ ಹೊಲಿಯುವ ಕಸುಬಿಗೆ ಹಾಕಲು ಯೋಚಿಸಿದ್ದರು. ಊರಿನ ವೈದ್ಯರೊಬ್ಬರು ಹುಡುಗನ ಆಸಕ್ತಿ ಗುರುತಿಸಿ, ವೈದ್ಯಕೀಯ ಓದಿಸಿ ಅಂತ ಸಲಹೆ ಕೊಟ್ಟರು.

ಆಮೇಲೆ ಆತ ಹಿಂತಿರುಗಿ ನೋಡಲಿಲ್ಲ. 1735ರಲ್ಲಿ ಹಾಲೆಂಡಿನಲ್ಲಿ ವೈದ್ಯ ಪದವಿ, 1739ರಲ್ಲಿ ಸಾರಾ ಎಲಿಸಬೆತ್ ಜೊತೆ ಮದುವೆ, 1741ರಲ್ಲಿ ಉಪ್ಸಾಲ ವಿಶ್ವವಿದ್ಯಾಲಯದಲ್ಲಿ ವೈದ್ಯಶಾಸ್ತ್ರದ ಪ್ರಾಧ್ಯಾಪಕ ಹುದ್ದೆ. 1753ರಲ್ಲಿ ಬಂದ ಆತನ ಸಸ್ಯಗಳ ಮಹಾಗ್ರಂಥದಲ್ಲಿ ನಮ್ಮ ಗಿಡಗಳೂ ಇವೆ. ಶ್ರೀಗಂಧ, ಸಂಪಿಗೆ, ಮಾವು, ಇಂಗು ಎಲ್ಲಕ್ಕೂ ಆತ ಹೆಸರಿಟ್ಟ. ಭಾರತಕ್ಕೆ ಮಾತ್ರ ಬರಲೇ ಇಲ್ಲ. ಆತನ ಶಿಷ್ಯ ಕೊಯೆನಿಗ್ 1768ರಲ್ಲಿ ತಮಿಳು ಕರಾವಳಿಯ ತರಂಗಂಬಾಡಿಗೆ ಬಂದಿಳಿದ. ನಾವು ದಿನಾ ಒಗ್ಗರಣೆಗೆ ಹಾಕುವ ಕರಿಬೇವಿನ ಲ್ಯಾಟಿನ್ ಹೆಸರಿನಲ್ಲಿ ಇಂದಿಗೂ ಈ ಶಿಷ್ಯನ ಹೆಸರಿದೆ!

ತಲೆನೋವೇ ಬೇರೆ, ಅರೆತಲೆನೋವೇ ಬೇರೆ

ಇಷ್ಟೆಲ್ಲ ಕೆಲಸದ ನಡುವೆ ಆತನಿಗೆ ತಲೆಯ ಒಂದೇ ಭಾಗ ಸಿಡಿಯುವ ನೋವು ಮತ್ತೆ ಮತ್ತೆ ಬರುತ್ತಿತ್ತು. ಆಗಿನ ವೈದ್ಯರು ಇದನ್ನು ಹೆಮಿಕ್ರೇನಿಯಾ ಎನ್ನುತ್ತಿದ್ದರು, ಅಂದರೆ ಅರ್ಧ ತಲೆ. ನಮ್ಮ ಅಜ್ಜಿಯರು ಅರೆತಲೆನೋವು ಅಂದಿದ್ದೂ ಅದನ್ನೇ ಅಲ್ವಾ? ಮೈಗ್ರೇನ್ ಅನ್ನೋ ಮಾತು ಹುಟ್ಟಿದ್ದೂ ಆ ಹಳೇ ಪದದಿಂದಲೇ.

ಲಿನೇಯಸ್ ತನ್ನ ನೋವನ್ನು ಗಮನಿಸಿದ. ಬೆಳಿಗ್ಗೆ ಎದ್ದು ಊಟಕ್ಕೆ ಮೊದಲು ತಣ್ಣನೆಯ ಒರತೆ ನೀರು ಕುಡಿದು, ಮೈಗೆ ವ್ಯಾಯಾಮ ಕೊಟ್ಟರೆ ತನಗೆ ಹಗುರಾಗುತ್ತದೆ ಎಂದು ಕಂಡುಕೊಂಡು ಅದನ್ನೇ ರೂಢಿ ಮಾಡಿಕೊಂಡ. 1763ರಲ್ಲಿ ರೋಗಗಳನ್ನೂ ಗಿಡಗಳಂತೆ ವರ್ಗೀಕರಿಸಿದಾಗ ನೋವುಗಳ ಪಟ್ಟಿಯಲ್ಲಿ ತಲೆನೋವಿಗೆ ಒಂದು ಜಾಗ, ಅರೆತಲೆನೋವಿಗೆ ಬೇರೆಯದೇ ಜಾಗ ಕೊಟ್ಟ. ಎಲ್ಲರಿಗೂ ಬರೋ ತಲೆನೋವು ತಾನೇ ಅಂತ ನಿಮ್ಮ ಮನೆಯಲ್ಲಿ ಯಾರಾದರೂ ಅಂದರೆ, ಇವೆರಡೂ ಬೇರೆ ಅಂತ 250 ವರ್ಷಗಳ ಹಿಂದೆಯೇ ಗೊತ್ತಿತ್ತು ಎಂದು ಹೇಳಿ!

ಪರಿಮಳಕ್ಕೂ ಏಳು ಗುಂಪು

1752ರಲ್ಲಿ ಆತನ ಮಾರ್ಗದರ್ಶನದಲ್ಲಿ ಔಷಧಿಗಳ ವಾಸನೆ ಕುರಿತ ಪ್ರಬಂಧವೊಂದು ಬಂತು. ಅದರಲ್ಲಿ ವಾಸನೆಗಳಿಗೆ ಏಳು ಗುಂಪು. ಲವಂಗ, ದಾಲ್ಚಿನ್ನಿಯಂಥ ಮಸಾಲೆ ಘಮ ಒಂದು. ಮಲ್ಲಿಗೆ, ಕೇಸರಿಯಂಥ ಸುಗಂಧ ಇನ್ನೊಂದು. ಕಸ್ತೂರಿಯದು ಮೂರನೆಯದು. ಬೆಳ್ಳುಳ್ಳಿ, ಇಂಗು ಒಟ್ಟಿಗೆ ನಾಲ್ಕನೆಯದು. ಆಮೇಲೆ ಹೋತದ ನಾತ, ದುರ್ವಾಸನೆ, ಕೊನೆಗೆ ಹೊಟ್ಟೆ ತೊಳಸುವಂಥದ್ದು. ರುಚಿ ದೇಹದ ರಸಗಳ ಮೇಲೆ ಕೆಲಸ ಮಾಡಿದರೆ, ವಾಸನೆ ನೇರವಾಗಿ ನರಗಳ ಮೇಲೆ ಕೆಲಸ ಮಾಡುತ್ತದೆ ಎಂಬುದು ಆತನ ನಂಬಿಕೆಯಾಗಿತ್ತು.

ರುಚಿಯ ಮಾತು ಹಳತಾಯಿತು. ಆದರೆ ವಾಸನೆ ಮತ್ತು ನರದ ನಂಟು ನಿಜ. ನಮ್ಮ ಮೂಗಿನಲ್ಲಿ ವಾಸನೆ ಹಿಡಿಯುವ ನರವಷ್ಟೇ ಅಲ್ಲ, ಮುಖದ ಸ್ಪರ್ಶ ಮತ್ತು ನೋವನ್ನು ಮಿದುಳಿಗೆ ಒಯ್ಯುವ ಟ್ರೈಜೆಮಿನಲ್ ನರದ ಎಳೆಗಳೂ ಇವೆ. ಮೆಣಸಿನಕಾಯಿ ಘಾಟು, ಸಿಗರೇಟ್ ಹೊಗೆ, ಪೇಂಟ್, ಫಿನಾಯಿಲ್, ಗಾಢ ಸೆಂಟು ಈ ಎಳೆಗಳನ್ನು ಕೆಣಕಬಲ್ಲವು. ಮೈಗ್ರೇನ್ ನೋವಿನಲ್ಲೂ ಇದೇ ನರದ್ದೇ ಮುಖ್ಯ ಪಾತ್ರ. ವಾಸನೆ ಸಹಿಸಲಾಗದ ಈ ಸ್ಥಿತಿಗೆ ವೈದ್ಯರು ಆಸ್ಮೋಫೋಬಿಯಾ ಎನ್ನುತ್ತಾರೆ. ಬೇರೆ ತಲೆನೋವುಗಳಿಗಿಂತ ಮೈಗ್ರೇನ್‌ನಲ್ಲೇ ಇದು ಹೆಚ್ಚು. ಮೈಗ್ರೇನ್ ಹೆಂಗಸರಲ್ಲಿ ಗಂಡಸರಿಗಿಂತ ಸುಮಾರು ಮೂರು ಪಟ್ಟು ಜಾಸ್ತಿ.

ಇನ್ನೊಂದು ವಿಷಯ. ಕೆಲವೊಮ್ಮೆ ವಾಸನೆ ನೋವಿನ ಕಾರಣವೇ ಆಗಿರುವುದಿಲ್ಲ, ಮುನ್ಸೂಚನೆ ಆಗಿರುತ್ತದೆ! ನೋವು ಶುರುವಾಗುವ ಮೊದಲೇ ಮೂಗು ಚುರುಕಾಗಿ, ನಿನ್ನೆವರೆಗೂ ಹಿತವಾಗಿದ್ದ ಸಾಂಬಾರಿನ ಘಮ ಇವತ್ತು ತಡೆಯಲಾಗುವುದಿಲ್ಲ. ಹಾಗನಿಸಿದ ದಿನ ಕೆಲಸ ಕಡಿಮೆ ಮಾಡಿಕೊಳ್ಳಿ, ಊಟ ತಪ್ಪಿಸಬೇಡಿ, ವೈದ್ಯರು ಕೊಟ್ಟ ಮಾತ್ರೆ ಕೈಗೆ ಸಿಗುವ ಹಾಗಿಟ್ಟುಕೊಳ್ಳಿ.

ನಿಮ್ಮದೇ ಪಟ್ಟಿ ಮಾಡಿ

* ಹಳೇ ನೋಟ್‌ಬುಕ್ ಒಂದು ಸಾಕು. ತಲೆನೋವು ಬಂದ ದಿನ ಯಾವ ವಾಸನೆ, ಎಷ್ಟು ಹೊತ್ತಿಗೆ, ಹಿಂದಿನ ರಾತ್ರಿ ನಿದ್ದೆ ಹೇಗಿತ್ತು, ತಿಂಡಿ ತಿಂದಿದ್ರಾ, ಮುಟ್ಟಿನ ದಿನ ಹತ್ತಿರವಿತ್ತಾ ಎಲ್ಲ ಬರೆಯಿರಿ. ಬೇರೆ ದಿನ ಏನೂ ಮಾಡದ ಊದುಬತ್ತಿ, ಉಪವಾಸದ ದಿನ ಮಾತ್ರ ಕಾಡಬಹುದು.

* ಎರಡು ತಿಂಗಳು ಬರೆದ ಮೇಲೆ ಮೂರು ಗುಂಪು ಮಾಡಿ. ಯಾವಾಗಲೂ ಕಾಡುವುದು, ಒಮ್ಮೊಮ್ಮೆ ಕಾಡುವುದು, ಏನೂ ಮಾಡದ್ದು. ಎಲ್ಲ ವಾಸನೆಗೂ ಹೆದರಿ ಮನೆಯೊಳಗೆ ಕೂರಬೇಕಾಗಿಲ್ಲ.

* ಪಟ್ಟಿ ತಿದ್ದಲು ಹಿಂಜರಿಯಬೇಡಿ. ಲಿನೇಯಸ್ ನಮ್ಮ ಮಲ್ಲಿಗೆಯನ್ನು ಪಾರಿಜಾತದ ಗುಂಪಿಗೆ ಸೇರಿಸಿಬಿಟ್ಟಿದ್ದ. ಮುಂದೆ ಬಂದವರು ಸರಿ ಮಾಡಿದರು!

* ಮೊದಲ ಗುಂಪಿನ ಬಗ್ಗೆ ಮಾತ್ರ ಮನೆಯಲ್ಲಿ ಮಾತಾಡಿ. ಅತ್ತೆಯವರ ಹತ್ತಿರ ಪೂಜೆಯೇ ಬೇಡ ಅನ್ನುವ ಬದಲು, ಊದುಬತ್ತಿ ಬಿಟ್ಟು ತುಪ್ಪದ ದೀಪ ಹಚ್ಚೋಣ ಅಂತ ಕೇಳಿ. ಯಜಮಾನರು ಸ್ಪ್ರೇಯನ್ನು ಬಾಲ್ಕನಿಯಲ್ಲಿ ಹಾಕಿಕೊಳ್ಳಲಿ.

* ಒಗ್ಗರಣೆಗೆ ಮೊದಲೇ ಕಿಟಕಿ ತೆರೆದು ಎಕ್ಸಾಸ್ಟ್ ಫ್ಯಾನ್ ಹಾಕಿ. ಫಿನಾಯಿಲ್, ಆಸಿಡ್ ಬದಲು ವಾಸನೆಯಿಲ್ಲದ ಸೋಪಿನ ನೀರು ಬಳಸಿ.

* ಲಿನೇಯಸ್‌ನ ನೀರು, ವ್ಯಾಯಾಮ ಒಳ್ಳೆಯ ಅಭ್ಯಾಸ, ಔಷಧಕ್ಕೆ ಬದಲಿ ಅಲ್ಲ. ತಿಂಗಳಿಗೆ ನಾಲ್ಕೈದು ಸಲ ನೋವು ಬರುತ್ತಿದ್ದರೆ ನೋಟ್‌ಬುಕ್ ಹಿಡಿದು ವೈದ್ಯರ ಹತ್ತಿರ ಹೋಗಿ. ಬಾರದಂತೆ ತಡೆಯುವ ಔಷಧಿಗಳಿವೆ. ತಿಂಗಳಲ್ಲಿ ಹತ್ತು ದಿನಕ್ಕಿಂತ ಹೆಚ್ಚು ನೋವಿನ ಮಾತ್ರೆ ನುಂಗುತ್ತಿದ್ದರೆ ಆ ಮಾತ್ರೆಯೇ ತಲೆನೋವಿಗೆ ಕಾರಣವಾಗಬಹುದು.

* ಇದ್ದಕ್ಕಿದ್ದಂತೆ ಹಿಂದೆಂದೂ ಕಾಣದಂಥ ತಲೆನೋವು, ಜ್ವರದ ಜೊತೆ ಕುತ್ತಿಗೆ ಬಿಗಿತ, ಮಾತು ತೊದಲುವುದು, ಕೈಕಾಲು ಸೋಲುವುದು ಇದ್ದರೆ ಕೂಡಲೇ ಆಸ್ಪತ್ರೆಗೆ ಹೋಗಿ. 50 ದಾಟಿದ ಮೇಲೆ ಮೊದಲ ಸಲ ಇಂಥ ತಲೆನೋವು ಶುರುವಾದರೂ, ಗರ್ಭಿಣಿಯರಾದರೂ ತಡಮಾಡದೆ ವೈದ್ಯರಿಗೆ ತೋರಿಸಿ.

ಕೊನೆಯ ದಿನಗಳು

1774ರಲ್ಲಿ ಲಿನೇಯಸ್‌ಗೆ ಪಾರ್ಶ್ವವಾಯು ಹೊಡೆಯಿತು. ನೆನಪು ಮಾಸುತ್ತಾ ಹೋಯಿತು. ಸಾವಿರಾರು ಗಿಡಗಳಿಗೆ ಹೆಸರಿಟ್ಟವನಿಗೆ ಕೊನೆಕೊನೆಗೆ ತನ್ನ ಹೆಸರೇ ಮರೆತುಹೋಗಿತ್ತು ಎನ್ನುತ್ತಾರೆ. 1778ರ ಜನವರಿ 10ರಂದು ಉಪ್ಸಾಲದಲ್ಲಿ ತೀರಿಕೊಂಡ. ಹೆಂಡತಿ ಸಾರಾ ಆತನ ಗಿಡಗಳ ಸಂಗ್ರಹ, ಪುಸ್ತಕಗಳನ್ನೆಲ್ಲ 1784ರಲ್ಲಿ ಇಂಗ್ಲೆಂಡಿನ ಯುವ ಸಸ್ಯಪ್ರೇಮಿಯೊಬ್ಬನಿಗೆ ಮಾರಿದಳು. ಅವು ಇಂದಿಗೂ ಲಂಡನ್ನಿನಲ್ಲಿ ಜೋಪಾನವಾಗಿವೆ. ಬರೆದಿಟ್ಟದ್ದು ಉಳಿಯಿತು.

ಹೆಸರಿಲ್ಲದ ನೋವನ್ನು ಮನೆಯವರು ಬೇಗ ನಂಬುವುದಿಲ್ಲ. ನಮಗೂ ಎಷ್ಟೋ ಸಲ ನಮ್ಮ ಮೇಲೇ ಅನುಮಾನ ಬಂದುಬಿಡುತ್ತದೆ. ನಿಮ್ಮ ನೋವಿಗೊಂದು ಹೆಸರಿದೆ, ಅದನ್ನು ಕೆಣಕುವ ವಾಸನೆಗಳಿಗೂ ಹೆಸರಿದೆ. ಇವತ್ತು ರಾತ್ರಿ ಅಡುಗೆಮನೆ ಕೆಲಸ ಮುಗಿಸಿ ಮೊದಲ ಸಾಲು ಬರೆಯಿರಿ. ಮುಂದಿನ ಸಲ ಮದುವೆ ಮನೆಯಲ್ಲಿ ಯಾರಾದರೂ ದಂಡೆ ಹಿಡಿದು ಬಂದರೆ, ಸಂಕೋಚವಿಲ್ಲದೆ ಬೇಡ ಅನ್ನಿ. ಬದಲಿಗೆ ಒಂದು ಕನಕಾಂಬರ ಮುಡಿದುಕೊಳ್ಳಿ. ಅದಕ್ಕೆ ಬಣ್ಣವಿದೆ, ಅಂದವಿದೆ, ಘಮವಿಲ್ಲ!