ಪಾಲ್ ಏರ್ಲಿಕ್

ಚಿತ್ರದುರ್ಗ ಜಿಲ್ಲೆಯ ಬಿ.ಜಿ. ಕೆರೆಯ ಕಡೆಯವರಿಗೆ ಮೊಳಕಾಲ್ಮೂರಿನ ರೇಷ್ಮೆ ಸೀರೆಗಳು ಹೊಸತಲ್ಲ. ರೇಷ್ಮೆಗೆ ಚೆನ್ನಾಗಿ ಹಿಡಿಯುವ ಎಷ್ಟೋ ಬಣ್ಣಗಳು ಹತ್ತಿಯ ನೂಲಿಗೆ ಹಿಡಿಯುವುದಿಲ್ಲವೆಂಬುದನ್ನು ಬಣ್ಣ ಹಾಕುವವರು ಬಲ್ಲರು. ಬಣ್ಣಕ್ಕೂ ಅದನ್ನು ಹೀರುವ ವಸ್ತುವಿಗೂ ಇರುವ ಈ ನಂಟಿನಿಂದಲೇ ಮನುಷ್ಯನ ರಕ್ತದ ಗುಟ್ಟನ್ನು ಬಯಲಿಗೆಳೆದ ವೈದ್ಯನೊಬ್ಬನಿದ್ದನು. ಅವನೇ ಪಾಲ್ ಏರ್ಲಿಕ್.

ಏರ್ಲಿಕ್ 1854ರ ಮಾರ್ಚ್ 14ರಂದು ಪ್ರಷ್ಯದ ಸ್ಟ್ರೇಲೆನ್ ಎಂಬ ಊರಿನಲ್ಲಿ ಜನಿಸಿದನು. ಇಂದು ಆ ಊರು ಪೋಲೆಂಡಿಗೆ ಸೇರಿದೆ. ವೈದ್ಯವಿದ್ಯಾರ್ಥಿಯಾಗಿದ್ದಾಗಲೇ ಅವನಿಗೆ ಬಣ್ಣಗಳ ಹುಚ್ಚು ಹಿಡಿಯಿತು. ಜರ್ಮನಿಯ ಕಾರ್ಖಾನೆಗಳು ಬಟ್ಟೆಗಾಗಿ ತಯಾರಿಸುತ್ತಿದ್ದ ಕೃತಕ ಬಣ್ಣಗಳನ್ನು ಅವನು ರಕ್ತದ ಹನಿಯ ಮೇಲೆ ಪ್ರಯೋಗಿಸಿದನು. ಒಂದು ಬಗೆಯ ಬಿಳಿಯ ರಕ್ತಕಣ ಆಮ್ಲೀಯ ಬಣ್ಣವನ್ನು ಹೀರಿಕೊಂಡರೆ, ಮತ್ತೊಂದು ಬಗೆಯದು ಪ್ರತ್ಯಾಮ್ಲೀಯ ಬಣ್ಣವನ್ನು ಹೀರಿಕೊಂಡಿತು. ಹೆಚ್ಚುಕಡಿಮೆ ಒಂದೇ ಎಂಬಂತೆ ಕಾಣುತ್ತಿದ್ದ ಕಣಗಳು ಹೀಗೆ ಬೇರೆಬೇರೆಯಾಗಿ ತೋರಿದವು. ರಕ್ತದ ಕ್ಯಾನ್ಸರಿನ ಬಗೆಗಳನ್ನು ಬೇರ್ಪಡಿಸಲು ಇದರಿಂದ ದಾರಿಯಾಯಿತು.

1882ರಲ್ಲಿ ರಾಬರ್ಟ್ ಕಾಕ್ ಕ್ಷಯದ ರೋಗಾಣುವನ್ನು ಪ್ರಕಟಪಡಿಸಿದಾಗ, ಅದನ್ನು ಇನ್ನೂ ಸ್ಪಷ್ಟವಾಗಿ ತೋರಿಸುವ ಬಣ್ಣದ ವಿಧಾನವನ್ನು ಒದಗಿಸಿದವನು ಏರ್ಲಿಕ್. ಕೆಲವು ವರ್ಷಗಳ ಬಳಿಕ ಅದೇ ರೋಗಾಣು ಅವನ ಕಫದಲ್ಲಿಯೇ ಕಾಣಿಸಿಕೊಂಡಿತು! ಚೇತರಿಕೆಗಾಗಿ ಅವನು ಈಜಿಪ್ಟಿಗೆ ಹೋಗಬೇಕಾಯಿತು.

ಜೀವಕೋಶದ ಮೇಲ್ಮೈಯಲ್ಲಿ ಬೀಗಗಳಂತಹ ಗ್ರಾಹಕಗಳಿವೆ, ಪ್ರತಿಯೊಂದಕ್ಕೂ ತಕ್ಕ ಕೀಲಿಯೇ ಹೊಂದುತ್ತದೆ ಎಂಬ ಸಿದ್ಧಾಂತವನ್ನು ಅವನು 1897ರಲ್ಲಿ ಮಂಡಿಸಿದನು. 1908ರಲ್ಲಿ ಮೆಚ್ನಿಕಾಫನೊಂದಿಗೆ ನೊಬೆಲ್ ಪಾರಿತೋಷಕ ಅವನಿಗೆ ದೊರೆಯಿತು. ರೋಗವನ್ನು ಮಾತ್ರ ತಾಗಿ ದೇಹವನ್ನು ಉಳಿಸುವ ಔಷಧವೇ ಅವನ ಕನಸು. 606 ಎಂಬ ಸಂಖ್ಯೆಯ ಔಷಧದಿಂದ ಉಪದಂಶ ರೋಗದ ಮಟ್ಟಿಗೆ ಅದು ಬಹುಪಾಲು ನನಸಾಯಿತು. ಇಲಿಗಳ ಗಡ್ಡೆಗಳನ್ನು ವರ್ಷಗಟ್ಟಲೆ ಅಭ್ಯಸಿಸಿದರೂ ಕ್ಯಾನ್ಸರ್ ಮಾತ್ರ ಅವನ ಕೈಗೆ ಸಿಕ್ಕಲಿಲ್ಲ. 1915ರ ಆಗಸ್ಟ್ 20ರಂದು ಅವನು ತೀರಿಕೊಂಡನು.

ಅವನು ನಡೆದ ದಾರಿ ಅಲ್ಲಿಗೆ ನಿಲ್ಲಲಿಲ್ಲ. 1975ರಲ್ಲಿ ಕೋಲರ್ ಮತ್ತು ಮಿಲ್‌ಸ್ಟೀನ್ ಒಂದೇ ಗುರುತಿಗೆ ಅಂಟುವ ಪ್ರತಿಕಾಯಗಳನ್ನು ತಯಾರಿಸುವ ಬಗೆಯನ್ನು ಕಂಡುಹಿಡಿದರು. ಇಂದು ಅಂತಹ ಪ್ರತಿಕಾಯಗಳಿಗೆ ಹೊಳೆಯುವ ಬಣ್ಣಗಳನ್ನು ಜೋಡಿಸಿ, ರೋಗಿಯ ರಕ್ತಕಣಗಳಿಗೆ ಅವನ್ನು ಅಂಟಿಸಿ, ಕಣಗಳನ್ನು ಒಂದರ ಹಿಂದೆ ಒಂದರಂತೆ ಲೇಸರ್ ಕಿರಣದ ಮುಂದೆ ಹರಿಯಬಿಡುತ್ತಾರೆ. ಇದಕ್ಕೆ ಫ್ಲೋ ಸೈಟೋಮೆಟ್ರಿ ಎಂದು ಹೆಸರು. ಸಿಡಿ19 ಎಂಬ ಗುರುತು ಬಿ ಕಣಗಳ ಮೇಲೂ ಸಿಡಿ3 ಎಂಬುದು ಟಿ ಕಣಗಳ ಮೇಲೂ ಇರುತ್ತದೆ. ಆದರೆ ಆರೋಗ್ಯವಂತ ಕಣದಲ್ಲಿಯೂ ಇವು ಇರುವುದರಿಂದ ಒಂದೇ ಗುರುತನ್ನು ನಂಬಿದವರು ಮೋಸಹೋಗುತ್ತಾರೆ. ಹಲವು ಗುರುತುಗಳನ್ನು ಒಟ್ಟಿಗೆ ನೋಡಿದಾಗ, ಚಿಕಿತ್ಸೆಯ ಬಳಿಕ 10,000 ಕಣಗಳ ನಡುವೆ ಅಡಗಿ ಕುಳಿತ ಒಂದು ರೋಗಕಣವನ್ನೂ ವೈದ್ಯರು ಪತ್ತೆಹಚ್ಚಬಲ್ಲರು.